ಯುದ್ಧಕಾಲದ ಕೇಕಿಗೆ ಹಾಕಿದ ಎರಡು ಮೊಟ್ಟೆ

ಶೈಲಾ, ಆ ಕೇಕಿನಲ್ಲಿ ಮೊಟ್ಟೆ ಇತ್ತು. ಎರಡು ಮೊಟ್ಟೆ. ನಾನೇ ಒಡೆದು ಹಾಕಿದ್ದು.

ನಿನ್ನ ಮಗ ಚಿನ್ನುವಿಗೆ ಮೂರನೆಯ ಹುಟ್ಟುಹಬ್ಬದ ದಿನ ಉಸಿರು ಕಟ್ಟಿದ್ದು ನಿನ್ನ ಅತ್ತೆ ಕೊಟ್ಟ ಬಿಸ್ಕತ್ತಿನಿಂದಲ್ಲ, ನಾನು ಮಾಡಿ ತಂದ ಕೇಕಿನಿಂದ. ನಿನ್ನ ಅತ್ತೆ ಸಾವಿತ್ರಮ್ಮನವರು ಅವತ್ತು ಯಾವ ತಪ್ಪನ್ನೂ ಮಾಡಿರಲಿಲ್ಲ. ಇದು ನನಗೆ ಅವತ್ತೇ ಗೊತ್ತಿತ್ತು – ಆಂಬ್ಯುಲೆನ್ಸು ಬರುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತು ವರ್ಷಕ್ಕೂ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಎಷ್ಟು ಸಲ ಹೇಳಲು ಹೊರಟಿದ್ದೆ ಅಂತ ಲೆಕ್ಕ ಕೊಟ್ಟರೆ ಅದೂ ಒಂದು ಬಗೆಯ ಜಂಬವಾಗುತ್ತದೆ. ಒಂದು ಸಲದ್ದು ಮಾತ್ರ ಹೇಳುತ್ತೇನೆ. ನೀವು ಎವರ್‌ಗ್ರೀನ್ ಬಡಾವಣೆಯಲ್ಲಿ ಮನೆ ಕೊಂಡು ಗೃಹಪ್ರವೇಶ ಮಾಡಿದ ದಿನ ನೀನೂ ನಾನೂ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ನನ್ನ ಮುಖ ನೋಡಿ "ಏನೇ ವಸು, ಏನೋ ಹೇಳ್ಬೇಕು ಅಂತಿದೀಯ?" ಎಂದು ನೀನೇ ಕೇಳಿದೆ. ನಿಂಬೆ ಗಿಡ ಎಲ್ಲಿಂದ ತಂದೆ ಅಂತ ಕೇಳಿಬಿಟ್ಟೆ.

ಈಗ ಬರೆಯುತ್ತಿದ್ದೇನೆ.

ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾವಿದ್ದ ಮಿಲ್ಪಿಟಾಸ್‌ನ ಆ ಅಪಾರ್ಟ್‌ಮೆಂಟು ನಿನಗೆ ನೆನಪಿರುತ್ತದೆ. ನೀವು ಎದುರು ಬಿಲ್ಡಿಂಗು, ನಾವು ಮಹಡಿಯ ಮೇಲೆ, ನಮ್ಮ ಕೆಳಗಡೆ ಡೋರತಿ ಅಜ್ಜಿ. ಡಾಟ್‌ಕಾಮ್ ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಕಾಲ. ಗಂಡಂದಿರು ಬೆಳಿಗ್ಗೆ ಫ್ರೀವೇ ಹತ್ತಿದರೆ ಮುಖ ನೋಡುವುದು ರಾತ್ರಿ ಊಟಕ್ಕೇ. ನಿಮ್ಮ ಗಿರೀಶ ರೆಡ್‌ವುಡ್ ಸಿಟಿಗೆ, ನಮ್ಮ ಮನೆಯವರು ಇವತ್ತಿದ್ದು ನಾಳೆ ಹೆಸರು ಬದಲಾಯಿಸುವಂಥ ಒಂದು ಸ್ಟಾರ್ಟಪ್ಪಿಗೆ. ನಮ್ಮಿಬ್ಬರದೂ ಡಿಪೆಂಡೆಂಟ್ ವೀಸಾ, ಒಂದು ಕಾಸಿನ ಕೆಲಸ ಮಾಡುವ ಹಾಗಿಲ್ಲ. ನಿನಗೆ ಚಿನ್ನು ಇದ್ದ. ನನಗೆ ಗೋಡೆ ಇತ್ತು.

ಡೋರತಿ ಅಜ್ಜಿ ನನಗೆ ಆ ಕೇಕು ಕಲಿಸಿದ್ದು ಕನಿಕರದಿಂದ. ನಾವು ಮೊಟ್ಟೆ ತಿನ್ನದ ಜನ ಅಂತ ಹೇಳಿದಾಗ – ಹೇಳಿಕೊಳ್ಳುವುದು ಹಾಗೆ, ನಮ್ಮ ಫ್ರಿಜ್ಜಿನಲ್ಲಿ ಮೆಂತ್ಯದ ಕಟ್ಟಿನ ಹಿಂದೆ ಮೊಟ್ಟೆಯ ಡಬ್ಬಿ ಇರುತ್ತಿತ್ತು, ನಿನಗೂ ಗೊತ್ತು – ಅಜ್ಜಿ ಒಳಗೆ ಹೋಗಿ ಒಂದು ಹಳೆಯ ತಗಡಿನ ಪೆಟ್ಟಿಗೆ ತಂದರು. ಅದರಲ್ಲಿ ಅವರ ತಾಯಿ ಕೈಯಾರೆ ಬರೆದ ಕಾರ್ಡುಗಳಿದ್ದವು, ಎಲ್ಲ ಎರಡನೆಯ ಮಹಾಯುದ್ಧದ ಕಾಲದವು. ಸಕ್ಕರೆಗೆ ರೇಷನ್ನು, ಬೆಣ್ಣೆಗೆ ರೇಷನ್ನು, ಸಿಕ್ಕ ಮೊಟ್ಟೆಯೆಲ್ಲ ಸೈನ್ಯಕ್ಕೆ. ತಾಯಿ ಹಗಲೆಲ್ಲ ರಿಚ್ಮಂಡ್‌ನಲ್ಲಿ ಹಡಗು ಕಟ್ಟುವ ಕಡೆ ಬೆಸುಗೆ ಹಾಕಿ ಬಂದು, ಮಕ್ಕಳಿಗೆ ಅಂತ ಈ ಕೇಕು ಬೇಯಿಸುತ್ತಿದ್ದರಂತೆ. ಮೊಟ್ಟೆ ಇಲ್ಲ, ಹಾಲಿಲ್ಲ, ಬೆಣ್ಣೆ ಇಲ್ಲ. ಒಣದ್ರಾಕ್ಷಿ, ಕಂದು ಸಕ್ಕರೆ, ಚಕ್ಕೆ, ಲವಂಗ, ನೀರು ಎಲ್ಲ ಸೇರಿಸಿ ಕುದಿಸುವುದು. ಪೂರ್ತಿ ತಣ್ಣಗಾಗಲು ಬಿಡುವುದು. ಆಮೇಲೆ ಮೈದಾ, ಅಡುಗೆ ಸೋಡ. ಕಾರ್ಡಿನಲ್ಲಿ ಹಂದಿಯ ಕೊಬ್ಬು ಎಂದಿದ್ದ ಕಡೆ ಅಜ್ಜಿ ನನ್ನೆದುರಿಗೇ ಪೆನ್ಸಿಲ್ಲಿನಲ್ಲಿ ಗೀಟು ಎಳೆದು 'ಎಣ್ಣೆ' ಎಂದು ಬರೆದರು. ನಮ್ಮ ಜಾತಿ ಕೆಡದಿರಲಿ ಅಂತ ಅಷ್ಟು ಜೋಪಾನ ಮಾಡಿದವರು ಆ ಅಮೆರಿಕದ ಮುದುಕಿ. ಕೆಡಿಸಿದವಳು ನಾನು.

ಆ ಕೇಕಿನಿಂದ ನನಗೊಂದು ಹೆಸರು ಬಂತು. ನಮ್ಮ ಪಾಟ್‌ಲಕ್ಕುಗಳಲ್ಲಿ ಯಾರು ಏನು ತಂದರೂ ಮೊದಲ ಪ್ರಶ್ನೆ "ಎಗ್‌ಲೆಸ್ ತಾನೇ?" ಅಲ್ಲವೇ. ನಾನು ಎದೆಯುಬ್ಬಿಸಿ ಯುದ್ಧದ ಕಥೆ ಶುರು ಮಾಡುತ್ತಿದ್ದೆ. ಅಂಗಡಿಯಿಂದ ತಂದು ಡಬ್ಬಿ ಬದಲಾಯಿಸಿದವರು ಮುಖ ತಿರುಗಿಸುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಮಕ್ಕಳ ಹುಟ್ಟುಹಬ್ಬಕ್ಕೆ ಮಾಡಿಕೊಡು ಎಂದು ಕೇಳತೊಡಗಿದರು, ಕೈಗೆ ಒಂದಿಷ್ಟು ದುಡ್ಡೂ ಇಡತೊಡಗಿದರು. ವೀಸಾ ಪ್ರಕಾರ ಅದು ತಪ್ಪು. ಬೇಡ ಎನ್ನಲಿಲ್ಲ. ದುಡ್ಡಿಗಿಂತ ಹೆಚ್ಚಾಗಿ – ಏನು ಹೇಳಲಿ – ಯಾರೋ ನನ್ನನ್ನು ಬೇಕು ಎನ್ನುತ್ತಿದ್ದರು.

ಚಿನ್ನುವಿಗೆ ರೈಲೆಂದರೆ ಪ್ರಾಣ. ನೀನು ರೈಲಿನ ಕೇಕು ಕೇಳಿದೆ, ಎಂಜಿನ್ನು, ಎರಡು ಡಬ್ಬಿ. ಹುಟ್ಟುಹಬ್ಬಕ್ಕೆ ಒಂದು ವಾರ ಮುಂಚೆ ನಮ್ಮ ಮನೆಯ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ವಸು, ನಿನ್ ಕೇಕಲ್ಲಿ ಎಗ್ ಇರಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ. ಚಿನ್ನುಗೆ ಎಗ್ ಅಲರ್ಜಿ ಅಂತ ಡಾಕ್ಟ್ರು ಹೇಳಿದಾರೆ. ಪಾತ್ರೆಗೂ ತಾಗಿರ್ಬಾರ್ದು, ಆಯ್ತಾ?"

"ಆಯ್ತು ಮಾರಾಯ್ತಿ," ಎಂದೆ. ಒಳಗೊಳಗೇ ನಕ್ಕೆ.

ಯಾಕೆ ನಕ್ಕೆ ಅಂತ ಹೇಳುತ್ತೇನೆ. ಸಬೂಬು ಅಂದುಕೊಳ್ಳಬೇಡ. ಅದಕ್ಕೆ ಎರಡು ತಿಂಗಳ ಮುಂಚೆ ನಾವು ನಾಲ್ಕೂ ಜನ ಊಟಕ್ಕೆ ಹೋಗಿದ್ದಾಗ ಗಿರೀಶ ಮಾಣಿಗೆ ಹೇಳಿದ್ದ: ಟೇಬಲ್ಲಿನಲ್ಲಿರುವ ಎಲ್ಲರಿಗೂ ಮಾಂಸ, ಮೀನು, ಮೊಟ್ಟೆ ಅಲರ್ಜಿ. ಅವನು ಗಾಬರಿಯಾಗಿ ಅಡುಗೆಯವನನ್ನೇ ಕರೆತಂದ. ಅವರು ಹೋದ ಮೇಲೆ ಗಿರೀಶ ನಗುತ್ತಾ, "ವೆಜಿಟೇರಿಯನ್ ಅಂದ್ರೆ ಮೀನು ತಂದಿಡ್ತಾರೆ ಇವ್ರು. ಅಲರ್ಜಿ ಅನ್ನಿ, ಕೋರ್ಟು ಕೇಸು ಅಂತ ಹೆದರ್ತಾರೆ," ಎಂದ. ಅವತ್ತಿನಿಂದ ನಾವೆಲ್ಲ ಹಾಗೇ ಹೇಳುತ್ತಿದ್ದೆವು. ನಮ್ಮ ಮಡಿಗೆ ಅಮೆರಿಕದಲ್ಲಿ ಸಿಕ್ಕ ಹೆಸರು ಅಲರ್ಜಿ. ಅದೂ ಅಲ್ಲದೆ ಆ ತಿಂಗಳು ಹಾಸನದಿಂದ ನಿನ್ನ ಅತ್ತೆ ಬಂದಿದ್ದರು – ಮೊಟ್ಟೆ ಎಂಬ ಶಬ್ದವನ್ನೂ ಬಾಯಲ್ಲಿ ಆಡದವರು. ಅತ್ತೆಗೆ ಹೆದರಿ ಶೈಲಾ ಡಾಕ್ಟರ ಹೆಸರು ಹೇಳುತ್ತಿದ್ದಾಳೆ ಅಂದುಕೊಂಡೆ. ಕೇಳಬಹುದಿತ್ತು. ಒಂದೇ ಒಂದು ಮಾತು, 'ನಿಜವಾದ ಅಲರ್ಜಿಯಾ?' ಅಂತ. ಕೇಳಲಿಲ್ಲ. ನನಗೆ ಎಲ್ಲ ಗೊತ್ತಿತ್ತಲ್ಲ.

ಆ ಶನಿವಾರ ಬೆಳಿಗ್ಗೆ ಕೇಕು ಚೆನ್ನಾಗಿಯೇ ಬೆಂದಿತ್ತು. ಆದರೆ ಎಂಜಿನ್ನಿನ ಮೂತಿ ಕೊರೆಯಲು ಚಾಕು ಇಟ್ಟರೆ ಪುಡಿಪುಡಿಯಾಗಿ ಉದುರಿತು. ಹೊಗೆಕೊಳವೆ ನಿಲ್ಲಿಸಿದರೆ ಅದರ ಭಾರಕ್ಕೇ ಅರ್ಧ ಕುಸಿಯಿತು. ಯುದ್ಧದ ಕಾಲದ ತಾಯಂದಿರು ಆ ಕೇಕನ್ನು ಚೌಕ ತುಂಡು ಮಾಡಿ ಮಕ್ಕಳ ಕೈಗೆ ಕೊಟ್ಟವರು. ಅದರಲ್ಲಿ ರೈಲು ಕೆತ್ತಲು ಯಾರೂ ಹೋಗಿರಲಿಲ್ಲ. ಗಂಟೆ ಹನ್ನೊಂದಾಗಿತ್ತು, ನಿನ್ನ ಪಾರ್ಟಿ ಎರಡು ಗಂಟೆಗೆ. ಹಿಂದಿನ ತಿಂಗಳ ಪಾಟ್‌ಲಕ್ಕಿನಲ್ಲಿ ಒಬ್ಬಳು ನನ್ನ ಕೇಕನ್ನು ಇಟ್ಟಿಗೆ ಎಂದು ಆಡಿಕೊಂಡಿದ್ದಳು, ಅವಳೂ ಬರುವವಳಿದ್ದಳು. ಇನ್ನೊಂದು ಸಲ ದ್ರಾಕ್ಷಿ ಕುದಿಸಿದೆ. ಬೇಗ ಆರಲೆಂದು ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟೆ. ಆಮೇಲೆ ಮೆಂತ್ಯದ ಕಟ್ಟು ಪಕ್ಕಕ್ಕೆ ಸರಿಸಿ ಎರಡು ಮೊಟ್ಟೆ ತೆಗೆದೆ. ಎರಡು ಮೊಟ್ಟೆಗೆ ಯಾರ ಜಾತಿ ಹೋಗುತ್ತದೆ, ಸ್ಕೂಲಿಗೆ ಹೋದರೆ ಈ ಮಕ್ಕಳೆಲ್ಲ ತಿನ್ನುವವರೇ – ಹೀಗೆ ಅಂದುಕೊಂಡೇ ಒಡೆದೆ, ಶೈಲಾ. ಇದನ್ನು ನೀನು ತಿಳಿದಿರಬೇಕು. ಕೈತಪ್ಪಿ ಆದದ್ದಲ್ಲ.

ಎಂಜಿನ್ನು ಚೆನ್ನಾಗಿ ಬಂತು.

ಆರತಿ ಆಯಿತು, ದೀಪ ಹಚ್ಚಿದ ಮೇಲೆ ಕೇಕು ಕತ್ತರಿಸಿದ್ದೂ ಆಯಿತು. ಹೊಗೆಕೊಳವೆ ತನಗೇ ಬೇಕೆಂದು ಚಿನ್ನು ಹಟ ಮಾಡಿದ, ನೀನು ಕೊಟ್ಟೆ. ನಿನ್ನ ಅತ್ತೆ ದೂರದಲ್ಲಿ ನಿಂತಿದ್ದರು. ನಾನೇ ತಟ್ಟೆ ಹಿಡಿದು ಹೋಗಿ, "ಅಮ್ಮ, ನೀವೂ ತಗೊಳ್ಳಿ, ಇದ್ರಲ್ಲಿ ಮೊಟ್ಟೆ ಗಿಟ್ಟೆ ಏನೂ ಇಲ್ಲ," ಎಂದೆ. ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹೊಸ ಬೆಲ್ಲದ ಹಾಗೆ ಘಮ್ಮಂತಿದೆ ಕಣಮ್ಮ," ಎಂದರು. ಹುಟ್ಟಿದಾರಭ್ಯ ಕಾಪಾಡಿಕೊಂಡು ಬಂದದ್ದನ್ನು ಅವರು ನನ್ನ ಕೈಯಿಂದ ಕಳೆದುಕೊಂಡರು. ಅವರಿಗೆ ಇವತ್ತಿಗೂ ಅದು ಗೊತ್ತಿಲ್ಲ.

ಆಮೇಲೆ ಆದದ್ದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಮೊದಲು ತುಟಿ ಊದಿತು. ಕುತ್ತಿಗೆಯ ಮೇಲೆ ಕೆಂಪು ಗಂಧೆ ಎದ್ದಿತು. ಕೆಮ್ಮು, ಕೆಮ್ಮಿನ ನಡುವೆ ಸೀಟಿ ಊದಿದಂಥ ಸದ್ದು. ಮಗು ನಿನ್ನ ಕುಪ್ಪಸ ಹಿಡಿದುಕೊಂಡು ಬಾಯಿ ತೆರೆಯುತ್ತಿತ್ತು, ಅಳು ಹೊರಗೆ ಬರುತ್ತಿರಲಿಲ್ಲ. ಅಲರ್ಜಿ ಎಂದರೆ ಏನು ಎಂದು ಆಗ ನನಗೆ ತಿಳಿಯಿತು.

ಗಿರೀಶ ಫೋನಿಗೆ ಓಡಿದ. ನೀನು ಅತ್ತೆಯ ಸೆರಗಿನ ಮೇಲಿದ್ದ ಬಿಸ್ಕತ್ತಿನ ಪುಡಿ ನೋಡಿದೆ.

"ಅತ್ತೆ, ಏನ್ ಕೊಟ್ರಿ ಅವ್ನಿಗೆ?"

"ಏನಿಲ್ಲ ಕಣಮ್ಮ... ಕೇಕು ಕೊಯ್ಯೋ ತನಕ ತಡೀಲಾರ್ದೆ ಅಳ್ತಿತ್ತು ಮಗು. ಒಂದೇ ಒಂದು ಬಿಸ್ಕತ್ತು..."

"ನಾನು ಓದ್ದೇ ಇರೋದು ಏನೂ ಕೊಡ್ಬೇಡಿ ಅಂತ ಎಷ್ಟ್ ಸಲ ಹೇಳಿದೀನಿ ನಿಮ್ಗೆ!"

ನೀನು ಕಿರುಚಿದ ರಭಸಕ್ಕೆ ಮಕ್ಕಳೆಲ್ಲ ಅಳತೊಡಗಿದವು. ನಾನು ಬಾಯಿ ತೆರೆಯಬೇಕಾಗಿದ್ದದ್ದು ಆಗ. ತೆರೆಯಲಿಲ್ಲ. ಆಂಬ್ಯುಲೆನ್ಸಿನವರು ಬಂದು ತೊಡೆಗೆ ಇಂಜೆಕ್ಷನ್ ಚುಚ್ಚುತ್ತಾ ಮಗು ಏನು ತಿಂದಿತು ಎಂದು ಕೇಳಿದರು. ಗಿರೀಶ ಬಿಸ್ಕತ್ತು ಎಂದ. ಕೇಕಿನ ಕಡೆ ಅವರು ಕೈ ತೋರಿಸಿದಾಗ, ಅದು ಯುದ್ಧಕಾಲದ ರೆಸಿಪಿ, ಅದರಲ್ಲಿ ಮೊಟ್ಟೆ ಇರಲು ಸಾಧ್ಯವೇ ಇಲ್ಲ ಎಂದು ಅವನೇ ಇಂಗ್ಲಿಷಿನಲ್ಲಿ ವಿವರಿಸಿದ. ನಾನು ಊರಿಗೆಲ್ಲ ಹೇಳಿಕೊಂಡು ಬಂದ ಕಥೆ ಅವತ್ತು ನನ್ನ ಪರವಾಗಿ ಸಾಕ್ಷಿ ಹೇಳಿತು. ನನ್ನ ಕಡೆ ತಿರುಗಿ, "ಅಲ್ವಾ ವಸು?" ಎಂದ.

ನಾನು ತಲೆಯಾಡಿಸಿದೆ.

ನಿಜ ಹೇಳಿದ್ದರೆ ಚಿನ್ನುವಿಗೆ ಬೇರೆ ಏನಾದರೂ ಮಾಡುತ್ತಿದ್ದರೋ, ಬೇಗ ಮಾಡುತ್ತಿದ್ದರೋ, ನನಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಡಾಕ್ಟರನ್ನು ಕೇಳಿ ತಿಳಿದುಕೊಳ್ಳುವ ಧೈರ್ಯವೂ ಬರಲಿಲ್ಲ. ಅವರು ಏನು ಹೇಳಿಬಿಡುತ್ತಾರೋ ಎಂಬ ಭಯ. ಅವತ್ತಿನ ಭಯ ಬೇರೆ: ಮಗು ಉಳಿಯದಿದ್ದರೆ ಪೊಲೀಸರು ಬರುತ್ತಾರೆ, ದುಡ್ಡು ತೆಗೆದುಕೊಂಡು ಕೇಕು ಮಾಡಿದ್ದು ಗೊತ್ತಾಗುತ್ತದೆ, ನನ್ನ ವೀಸಾ, ಮನೆಯವರ ಕೆಲಸ... ಮೂರು ವರ್ಷದ ಕೂಸು ನೀಲಿಗಟ್ಟುತ್ತಿದ್ದಾಗ ನನ್ನ ತಲೆಯಲ್ಲಿ ಓಡಿದ್ದು ಇದು.

ನೀವಿಬ್ಬರೂ ಆಸ್ಪತ್ರೆಗೆ ಹೋದಿರಿ. ಬಂದವರೆಲ್ಲ ಪಿಸುಗುಟ್ಟುತ್ತಾ ಚದುರಿದರು. "ಅತ್ತೇನ ಒಬ್ರನ್ನೇ ಬಿಡ್ಬೇಡ," ಎಂದು ಬಾಗಿಲಲ್ಲಿ ನೀನೇ ನನಗೆ ಹೇಳಿ ಹೋಗಿದ್ದೆ. ಎಷ್ಟು ಸಿಟ್ಟಿದ್ದರೂ ಅಷ್ಟು ನೆನಪಿತ್ತು ನಿನಗೆ. ನಾನು ಉಳಿದೆ.

ಇಲ್ಲಿಂದ ಮುಂದಿನದು ಯಾರಿಗೂ ಗೊತ್ತಿಲ್ಲ.

ಸಾವಿತ್ರಮ್ಮನವರು ದೇವರ ಗೂಡಿನ ಮುಂದೆ ಕೂತಿದ್ದರು. ಜಪ ಮಾಡುತ್ತಿರಲಿಲ್ಲ, ಸುಮ್ಮನೆ ಕೂತಿದ್ದರು. ನಾನು ಮೊದಲು ಮಾಡಿದ ಕೆಲಸ ಉಳಿದ ಕೇಕನ್ನೆಲ್ಲ ಕಸದ ಚೀಲಕ್ಕೆ ತುಂಬಿದ್ದು. ಬೆಲೂನು, ಕಾಗದದ ತಟ್ಟೆ, ಎಂಜಿನ್ನು, ಎಲ್ಲ. ಅಷ್ಟರಲ್ಲಿ ಅವರು ಕೋಣೆಗೆ ಹೋಗಿ ದಿಂಬಿನ ಕೆಳಗಿಂದ ಒಂದು ಬಿಸ್ಕತ್ತಿನ ಪೊಟ್ಟಣ ತಂದರು. ಇಂಡಿಯನ್ ಗ್ರೋಸರಿಯಲ್ಲಿ ಹಳೆಯ ಪರಿಚಯದ ಬಣ್ಣ ನೋಡಿ ಅವರೇ ಆರಿಸಿ ತಂದದ್ದಂತೆ. ಅವರಿಗೆ ಇಂಗ್ಲಿಷು ಓದಲು ಬಾರದು.

"ನೀನು ಓದಿದೋಳು. ಇದ್ರಲ್ಲಿ ಏನೇನು ಹಾಕಿದಾರೆ ಅಂತ ಬರ್ದಿರುತ್ತಂತಲ್ಲ, ಒಂಚೂರು ನೋಡಿ ಹೇಳಮ್ಮ. ಮೊಟ್ಟೆ ಇದ್ಯಾ ಇದ್ರಲ್ಲಿ?"

ಓದಿದೆ. ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ, ಹಾಲಿನ ಪುಡಿ, ಉಪ್ಪು. ಎರಡು ಸಲ ಓದಿದೆ. ಮೊಟ್ಟೆ ಇರಲಿಲ್ಲ.

ಅವರು ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದರು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಮಗುವಿಗೆ ಯಾತರಿಂದ ಆಯಿತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಣ್ಣು ಕಸದ ಚೀಲದ ಕಡೆ ಹೋಯಿತು.

"ಇದೆ ಅಮ್ಮ," ಎಂದೆ.

ಅವರು ಕೂತುಬಿಟ್ಟರು. ಆಮೇಲೆ ತಮ್ಮ ಬಲಗೈಯನ್ನು ಮುಂದಕ್ಕೆ ಚಾಚಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ನನ್ ಕೈಯಾರೆ," ಎಂದರು. ಅಷ್ಟೇ. ನಾನು – ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. "ಇದನ್ನ ಶೈಲಾ ನೋಡಿದ್ರೆ ಇನ್ನೂ ಸಂಕಟ ಪಡ್ತಾಳೆ, ನಾನೇ ಎಸೆದುಬಿಡ್ತೀನಿ," ಎಂದು ಅವರ ಕೈಯಿಂದ ಪೊಟ್ಟಣ ತೆಗೆದುಕೊಂಡೆ. ನೀನು ಬಂದು ಓದಿದರೆ ನನ್ನ ಕಥೆ ಮುಗಿಯಿತಲ್ಲ, ಅದಕ್ಕೆ. ಅವರು ನನ್ನ ಗಲ್ಲ ಮುಟ್ಟಿ, "ಪುಣ್ಯವಂತೆ ಕಣಮ್ಮ ನೀನು. ಹೆತ್ತ ಮಗಳ ಹಾಗೆ ಕಾಪಾಡ್ದೆ," ಎಂದರು. ಪೊಟ್ಟಣವನ್ನು ಕೇಕಿನ ಜೊತೆಗೇ ಚೀಲಕ್ಕೆ ಹಾಕಿ, ಗಂಟು ಬಿಗಿದು, ಕಾರು ನಿಲ್ಲಿಸುವ ಜಾಗದ ಕಸದ ತೊಟ್ಟಿಗೆ ಎಸೆದು ಬಂದೆ.

ಆ ಕೈ ಗಲ್ಲ ಮುಟ್ಟಿದ್ದು ನನಗೆ ಈಗಲೂ ಸಹಿಸಲಾಗುವುದಿಲ್ಲ.

ಎರಡು ದಿನ ಬಿಟ್ಟು ಚಿನ್ನು ಮನೆಗೆ ಬಂದ. ಸಾವಿತ್ರಮ್ಮನವರು ತಾವಾಗಿಯೇ ನಿಮ್ಮಿಬ್ಬರ ಮುಂದೆ ನಿಂತು, ಬಿಸ್ಕತ್ತಿನಲ್ಲಿ ಮೊಟ್ಟೆ ಇತ್ತು, ನನ್ನದೇ ತಪ್ಪು ಎಂದು ಒಪ್ಪಿಕೊಂಡರು. ನಾನು ಓದಿ ಹೇಳಿದೆ ಎಂಬುದನ್ನು ನಿಮಗೆ ಹೇಳಲೇ ಇಲ್ಲ. ನನ್ನನ್ನು ಎಳೆತರಬಾರದು ಅಂತ ಇರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆಯೇ ಬೆನ್ನು ಕೊಟ್ಟಿತು. ಇನ್ನೂ ಮೂರು ತಿಂಗಳು ಇರಬೇಕಾದವರು ಆ ತಿಂಗಳ ಕೊನೆಗೇ ಹಾಸನಕ್ಕೆ ಹೊರಟರು. ನೀನು ತಡೆಯಲಿಲ್ಲ. ನಿನ್ನನ್ನು ದೂರುವ ಬಾಯಿ ನನಗಿಲ್ಲ. ಡೋರತಿ ಅಜ್ಜಿ ಮೆಟ್ಟಿಲ ಬಳಿ ಸಿಕ್ಕಿ ರೈಲು ಹೇಗೆ ಬಂತು ಎಂದು ಕೇಳಿದಾಗ ಚೆನ್ನಾಗಿ ಬಂತು ಎಂದೆ. ಆ ಕೇಕನ್ನು ಮತ್ತೆ ಮಾಡಲಿಲ್ಲ. ಮುಂದಿನ ವರ್ಷ ಕಂಪನಿಗಳು ಮುಚ್ಚತೊಡಗಿ, ನಮ್ಮ ಮನೆಯವರ ಕೆಲಸ ಹೋಗಿ ನಾವು ಮನೆ ಬದಲಾಯಿಸಿದಾಗ, ಜನ ನನ್ನನ್ನು ನೋಡಿ ಅಯ್ಯೋ ಪಾಪ ಎಂದರು. ನನಗೆ ಮಾತ್ರ ಆ ಕಸದ ತೊಟ್ಟಿ ಇನ್ನು ಕಣ್ಣಿಗೆ ಬೀಳುವುದಿಲ್ಲ ಎಂಬ ನೆಮ್ಮದಿ.

ಹೆದರಿಕೆ ಮಾತ್ರ ಜೊತೆಗೇ ಬಂತು. ನೀನು ಫೋನಿನಲ್ಲಿ "ಒಂದ್ ವಿಷ್ಯ ಗೊತ್ತಾಯ್ತು ಕಣೇ" ಎಂದಾಗಲೆಲ್ಲ ಸಿಕ್ಕಿಬಿದ್ದೆ ಅಂದುಕೊಳ್ಳುತ್ತಿದ್ದೆ. ಚಿನ್ನುವಿಗೆ ಆ ಅಲರ್ಜಿ ಬರಬರುತ್ತಾ ಬಿಟ್ಟುಹೋಯಿತು ಎಂದು ನೀನು ಹೇಳಿದ ದಿನ ಕೂಡ ಮೊದಲು ಹೆದರಿದೆ, ಆಮೇಲೆ ಸಂತೋಷಪಟ್ಟೆ. ಅವನು ಪಾರಾದ. ಕಾಲ ಕಳೆದಂತೆ ಎಲ್ಲರೂ ಮರೆತರು ಅಂದುಕೊಂಡು ನಾನೂ ಒಂದಿಷ್ಟು ಮಲಗಿ ನಿದ್ದೆ ಮಾಡತೊಡಗಿದ್ದೆ.

ಹೋದ ವಾರ ನಿನ್ನ ಫೋನು ಬಂತು. ಚಿನ್ನುವಿಗೆ ಹಾಸನದಲ್ಲೇ ನಿಶ್ಚಿತಾರ್ಥ ಎಂದು ಖುಷಿಯಲ್ಲಿ ಹೇಳುತ್ತಿದ್ದವಳು ನಡುವೆ ಅತ್ತೆಯ ಮಾತು ತೆಗೆದು ಬೇಜಾರು ಮಾಡಿಕೊಂಡೆ.

"ಎಲ್ಲಾ ಅಜ್ಜೀರೂ ಮೊಮ್ಮಕ್ಳ ಬಾಯಿಗೆ ಸಿಹಿ ಹಾಕಲ್ವೇನೆ? ಇವ್ರು ಒಲ್ಲೆ ಅಂತಾರೆ. ನನ್ ಕೈ ಬೇಡ, ನನ್ ಕೈಗುಣ ಸರಿಯಿಲ್ಲ, ಬೇರೆ ಯಾರಾದ್ರೂ ಹಾಕ್ಲಿ ಅಂತ ಒಂದೇ ಹಟ. ನಾವು ಊರಿಗೆ ಹೋದಾಗೆಲ್ಲ ಹಿಂಗೇ, ಒಂದ್ ತುತ್ತು ಕೈಯಾರೆ ಕೊಟ್ಟಿಲ್ಲ ಅವ್ನಿಗೆ. ಹಳೇದೆಲ್ಲ ಬಿಡಿ ಅಂತ ಹೇಳೋಣ ಅಂದ್ರೆ ಕಿವಿ ಬೇರೆ ಹೋಗಿದೆ, ಫೋನಲ್ಲಿ ಏನೂ ಕೇಳ್ಸಲ್ಲ."

ನೀನು ಮಾತಾಡುತ್ತಲೇ ಇದ್ದೆ. ನಾನು ಅಡುಗೆಮನೆಯ ನೆಲದ ಮೇಲೆ ಕೂತೆ. ನಾನು ಮರೆತು ಮಲಗಿದ್ದ ಅಷ್ಟೂ ರಾತ್ರಿ ಆ ಮುದುಕಿ ಹಾಸನದಲ್ಲಿ ತನ್ನ ಬಲಗೈಯನ್ನೇ ಅನುಮಾನಿಸುತ್ತಾ ಕೂತಿದ್ದಾರೆ.

ಅವರು ತೀರಿಹೋಗುವ ತನಕ ಕಾದಿದ್ದರೆ ನನಗೆ ಇನ್ನೂ ಸುಲಭವಾಗುತ್ತಿತ್ತು – ಈ ಯೋಚನೆ ನನಗೆ ಬಂತು, ಶೈಲಾ. ಬಂದದ್ದನ್ನೂ ನಿನಗೆ ಹೇಳಬೇಕು. ಆ ಯೋಚನೆ ಬಂದ ಮೇಲೆಯೇ ನಾನು ಈ ಕಾಗದಕ್ಕೆ ಕೂತದ್ದು.

ಕ್ಷಮಿಸು ಎಂದು ಕೇಳುವುದಿಲ್ಲ. ಇದನ್ನು ಓದಿ ಗಿರೀಶನಿಗೆ ಕೊಡು, ಚಿನ್ನುವಿಗೆ ಓದಿ ಹೇಳು. ಯಾರು ಏನು ಅಂದರೂ ಕೇಳಿಸಿಕೊಳ್ಳುತ್ತೇನೆ. ನಿನ್ನ ಅತ್ತೆಗೆ ಮಾತ್ರ ನೀನು ಹೇಳಬೇಡ, ಅದು ನನ್ನ ಕೆಲಸ. ಟಿಕೆಟ್ ತೆಗೆದಿದ್ದೇನೆ. ನಿಶ್ಚಿತಾರ್ಥಕ್ಕೆ ನಾಲ್ಕು ದಿನ ಮುಂಚೆ ಹಾಸನದಲ್ಲಿರುತ್ತೇನೆ. ನೀನು ಬರಬೇಡ ಎಂದರೂ ಹೋಗುತ್ತೇನೆ, ಬಾಗಿಲು ತೆರೆಯದಿದ್ದರೆ ಜಗಲಿಯಲ್ಲಿ ಕೂರುತ್ತೇನೆ.

ಕಿವಿ ಕೇಳಿಸುವುದಿಲ್ಲ ಎಂದೆಯಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿ ಎದ್ದು ಬರಲು ಆಗುವುದಿಲ್ಲ. ನಡುಮನೆಯಲ್ಲಿ, ಬಂದ ನೆಂಟರೆಲ್ಲರ ಮುಂದೆ, ಅವರಿಗೆ ಕೇಳುವ ತನಕ ಕೂಗಿ ಹೇಳಬೇಕು. ಕೂಗುತ್ತೇನೆ.